ಬಾವಿ ಪ್ರಾಂತ್ಯದ್ದು, ಹಗ್ಗ ರಾಜಧಾನಿಯದು

ಬಹಳ ಹಿಂದೆ, ಈಗಿನ ಹಾಗೆ ಖಂಡಿತ ಇರದ ಕಾಲದಲ್ಲಿ, ಒಂದು ರಾಜ್ಯವಿತ್ತು. ಅಲ್ಲಿ ಶ್ರೀಮನ್ಮಹಾರಾಜ ಅಖಂಡಸೇನರ ಅಪ್ಪಣೆಯಿಲ್ಲದೆ ಯಾವ ಊರಿನ ಬಾವಿಗೂ ಕೊಡ ಇಳಿಯುವಂತಿರಲಿಲ್ಲ. ಜನ ದೂರದ ಹಳ್ಳದಿಂದ ನೀರು ಹೊರುತ್ತಿದ್ದರು. ಗಡಿಯಂಚಿನ ಕಡೇಗೇರಿಯಲ್ಲಿ ತಿಪ್ಪಮ್ಮನ ಇಡ್ಲಿ ಅಂಗಡಿಯ ಸೋಗೆ ಸೂರಿಗೆ ಬೆಂಕಿ ಬಿದ್ದಾಗ ಅರ್ಜಿ ಹೋಯಿತು, ಕಡತ ಎದ್ದಿತು, ಅನುಮತಿಯೂ ಬಂತು. ಬೆಂಕಿಗೆ ಮಾತ್ರ ಕಾಯುವ ವ್ಯವಧಾನವಿರಲಿಲ್ಲ. ಬದುಕಿಗಿದ್ದ ಒಂದೇ ಅಂಗಡಿಯ ಬೂದಿ ಮುಂದೆ ಕೂತು ತಿಪ್ಪಮ್ಮ, "ಇವರ ಮನೆ ಹಾಳಾಗ!" ಎಂದು ಆಸ್ಥಾನವನ್ನು ಹರಸಿದಳು.

ಮಹಾರಾಜರು ಮರುಗಿದರು.

"ದೋಷ ತಮ್ಮದಲ್ಲವೇ ಅಲ್ಲ ಪ್ರಭು, ಏಕಾತ್ಮಕ ಪದ್ಧತಿಯದು," ಎಂದ ಮಂತ್ರಿ ವಿನಯಕೀರ್ತಿ. "ಒಕ್ಕೂಟ ಪದ್ಧತಿ ತರೋಣ. ಅಧಿಕಾರ ಹಂಚಿಬಿಡೋಣ."

"ಹಂಚಿದರೆ ನಮಗೇನು ಉಳಿಯುತ್ತದೆ?"

"ಹಗ್ಗ, ಪ್ರಭು."

ಮಹಾರಾಜರಿಗೆ ಬಹಳ ಹಿಡಿಸಿತು. ಬಾವಿಯೂ ಕೊಡವೂ ಪ್ರಾಂತ್ಯಕ್ಕೆ ಸೇರಿದವು, ಹಗ್ಗ ರಾಜಧಾನಿಗೆ. ರಾಟೆ ಜಂಟಿ ಪಟ್ಟಿಗೆ ಹೋಯಿತು, ಅಂದರೆ ಅದಕ್ಕೆ ಎಣ್ಣೆ ಹಾಕುವವರೇ ಇಲ್ಲ.

ತಿಪ್ಪಮ್ಮ ಕೈಬಳೆ ಮಾರಿ ಮತ್ತೆ ಸೂರು ಹೊದಿಸಿದಳು. ಒಂದು ಬೆಳಗ್ಗೆ ಒಲೆಯ ಕಿಡಿ ಹಾರಿ ಸೂರು ಹೊಗೆಯಾಡಿತು. ಈ ಸಲವೂ ಹೋದರೆ ಮಾರಲು ಬಳೆಯೂ ಇಲ್ಲ. ಅವಳು ಎದ್ದೆನೋ ಬಿದ್ದೆನೋ ಎಂದು ಬಾವಿಕಟ್ಟೆಗೆ ಓಡಿದಳು. ಅಲ್ಲಿ ಇಬ್ಬರು ಅಧಿಕಾರಿಗಳು ಎದುರುಬದುರು ಕುಳಿತಿದ್ದರು.

"ಕೊಡ ಇಲ್ಲೇ ಇದೆಯಮ್ಮ. ಮೊದಲು ಅವರು ಹಗ್ಗ ಬಿಡಲಿ," ಎಂದ ಪ್ರಾಂತ್ಯದವನು.

"ಹಗ್ಗ ಸಿದ್ಧವಿದೆ. ಕೊಡ ಬಾವಿಗೆ ಇಳಿದ ಕೂಡಲೇ ಕಟ್ಟುತ್ತೇವೆ," ಎಂದ ರಾಜಧಾನಿಯವನು.

"ಹಗ್ಗ ಇಲ್ದೆ ಕೊಡ ಇಳಿಯೋದು ಹೆಂಗ್ರಪ್ಪಾ? ಅಂಗಡಿ ಉರೀತೈತೆ!"

"ಆ ವಿಷಯ ಸಮನ್ವಯ ಸಮಿತಿಯ ಮುಂದಿದೆ," ಎಂದು ಇಬ್ಬರೂ ಒಟ್ಟಿಗೇ ಹೇಳಿದರು. ಅವರಿಬ್ಬರೂ ಒಪ್ಪಿದ್ದು ಅದೊಂದನ್ನೇ.

ತಿಪ್ಪಮ್ಮ ವಾಪಸ್ ಓಡಿ, ಗಿರಾಕಿಗಳಿಗೆ ಕಾಸಿಟ್ಟಿದ್ದ ಹಂಡೆ ಸಾರನ್ನು ಚೊಂಬಿನಲ್ಲಿ ಮೊಗೆಮೊಗೆದು ಸೂರಿಗೆ ಎರಚಿದಳು. ಬೆಂಕಿ ಆರಿತು. ಕೇರಿಯೆಲ್ಲ ಒಗ್ಗರಣೆಯ ಘಮಲು.

ರಾಜಧಾನಿಯಲ್ಲಿ ಒಕ್ಕೂಟದ ವಿಜಯೋತ್ಸವ ನಡೆದು ಮಂತ್ರಿಗೆ 'ಅಗ್ನಿಶಾಮಕ ಶಿರೋಮಣಿ' ಬಿರುದು ಸಂದಿತು. ಬೆಂಕಿ ಆರಿಸಬಲ್ಲ ಸಾರು ಇನ್ನು ಬರೀ ಸಾರಲ್ಲ, ಆಪತ್ಕಾಲದ ಮೂಲಸೌಕರ್ಯ ಎಂದು ಡಂಗುರ ಸಾರಿ, ಅದನ್ನೂ ಜಂಟಿ ಪಟ್ಟಿಗೆ ಸೇರಿಸಲಾಯಿತು. ಎರಡೂ ಕಡೆಯ ತೆರಿಗೆ ತಿಪ್ಪಮ್ಮನ ತಲೆಗೆ ಬಂತು.

ಮರುದಿನ ಗಿರಾಕಿಯೊಬ್ಬ ಒಣ ಇಡ್ಲಿ ನೋಡಿ, "ಸಾರೆಲ್ಲಿ ತಿಪ್ಪಮ್ಮಾ?" ಎಂದ.

"ಐತಲ್ಲಪ್ಪಾ, ಹಂಡೆ ತುಂಬ. ಸೌಟು ಪ್ರಾಂತ್ಯದೋರು ಕೊಟ್ಟವ್ರೆ. ಮುಚ್ಚಳ ತೆಗೆಯೋರು ರಾಜಧಾನಿಯಿಂದ ಬರಬೇಕು. ಅಲ್ಲೀಗಂಟ ನೀರಾದ್ರೂ ಕೊಡಾನ ಅಂದ್ರೆ, ಬಾವಿ ಕತೆ ನಿಂಗೇ ಗೊತ್ತಲ್ಲ!"