ಕಾಕಾನ ಚಪ್ಪಾಳೆ

ನಮ್ಮ ಕಾಕಾ ಬರೀ ಚಪ್ಪಾಳೆ ತಟ್ಟಿ ಒಂದು ಭಜನಾ ಮಂಡಳಿಯನ್ನೇ ಮುಚ್ಚಿಸಿದವರು ಎಂದರೆ ನೀವು ನಂಬುವುದಿಲ್ಲ. ಬೇಡ ಬಿಡಿ, ನಿಜ ಹೇಳುತ್ತೇನೆ. ಮಂಡಳಿ ಮುಚ್ಚಲಿಲ್ಲ, ಶನಿವಾರದ ಭಜನೆ ಗುರುವಾರಕ್ಕೆ ಹೋಯಿತು, ಅಷ್ಟೇ. ಅದೂ ಕಾಕಾಗೆ ತಿಳಿಸದೆ!

ಧಾರವಾಡದಿಂದ ಬಂದು ಪುಣೆಯ ವಾಕಡದಲ್ಲಿ ನೆಲೆಸಿದ ಕಾಕಾ, ನನ್ನಪ್ಪನ ಬೆನ್ನಿಗೆ ಹುಟ್ಟಿದ ತಮ್ಮ. ಅಪ್ಪನೋ, ಕುಕ್ಕರ್ ಸೀಟಿ ಹೊಡೆದರೂ ಅದಕ್ಕೆ ಸರಿಯಾಗಿ ಮೇಜಿನ ಮೇಲೆ ತಬಲಾ ನುಡಿಸುವವರು. ಒಂದೇ ತಾಯಿ, ಒಂದೇ ಮನೆ. ಒಬ್ಬರಿಗೆ ತಾಳ ರಕ್ತದಲ್ಲಿ, ಇನ್ನೊಬ್ಬರಿಗೆ ಅಕ್ಕಪಕ್ಕದಲ್ಲೂ ಇಲ್ಲ. ಇದೇಕೆ ಹೀಗೆ?

ಅಪ್ಪನನ್ನೇ ಕೇಳಿದೆ. "ನಾ ತೊಟ್ಟಿಲದಾಗ ಇದ್ದಾಗ ಅವ್ವ ಹಾಡತಿದ್ಲು. ಇವನ ಪಾಳಿ ಬರೂದ್ರಾಗ ಆಕೀಗೆ ಸಾಕಾಗಿತ್ತು" ಎಂದರು. ಕಾಕಾ ಬಿಡುತ್ತಾರೆಯೇ? "ಏ, ನನಗೂ ಹಾಡ್ಯಾಳ! ಆಕಿನೇ ತಾಳ ತಪ್ಪತಿದ್ಲು!"

ನಿವೃತ್ತರಾದ ಮೇಲೆ ಕಾಕಾ ತಬಲಾ ಕಲಿಯಲು ಹೋದರು. ಮೂರನೆಯ ವಾರ ಗುರುಗಳು ಮರಾಠಿಯಲ್ಲಿ, "ಕೆಲವರ ಕೈ ಕಿವಿಯ ಮಾತು ಕೇಳುತ್ತದೆ. ನಿಮ್ಮ ಕೈಗೂ ಕಿವಿಗೂ ಮಾತುಕತೆಯೇ ಇಲ್ಲ" ಎಂದು ಕೈಮುಗಿದರಂತೆ. ಕಾಕಾ ಮನೆಗೆ ಬಂದು ಹೇಳಿದರು: "ಮಾಸ್ತರು ಭಾಳ ವಿನಯದ ಮನಶ್ಯಾ. ಕೈ ಮುಗದ ಕಳಿಸಿದ್ರು!"

ಅಲ್ಲಿಂದ ನೇರ ಗಣಪತಿ ಮೆರವಣಿಗೆಯ ಢೋಲು ತಂಡಕ್ಕೆ! ತಾಲೀಮು ಮಾಡಿಸುತ್ತಿದ್ದ ಹುಡುಗಿ ಹತ್ತು ನಿಮಿಷ ತಾಳಿಕೊಂಡಳು. ಆಮೇಲೆ "ಕಾಕಾ, ತುಮ್ಹೀ ಝೇಂಡಾ ಧರಾ" ಎಂದು ಢೋಲು ಬಿಚ್ಚಿಸಿ, ಕೈಗೆ ಬಾವುಟ ಕೊಟ್ಟಳು. ಬಾವುಟಕ್ಕೆ ಸದ್ದಿಲ್ಲವಲ್ಲ, ಏನು ಅಪಾಯ? ಕಾಕಾ ಉತ್ಸಾಹದಿಂದ ಬೀಸಿದರು. ಅದನ್ನೇ ನೋಡುತ್ತ ಬಾರಿಸುತ್ತಿದ್ದ ಮೊದಲ ಸಾಲು ತಾಳ ತಪ್ಪಿತು, ಹಿಂದೆಯೇ ಎರಡನೆಯದೂ. "ಇವರಿಗೆಲ್ಲಾ ಇನ್ನೂ ತಾಲೀಮು ಬೇಕು ನೋಡ!" ಎಂದರು ಕಾಕಾ.

ಹೋದ ವರ್ಷ ಕಾಕಾನ ಹೆಂಡತಿ, ನಮ್ಮ ಕಾಕೂಗೆ ಪಾರ್ಶ್ವವಾಯು ಆಯಿತು. ಮಾತು ಬೇಗ ಮರಳಿತು, ಎಡಗಾಲು ಮರಳಲಿಲ್ಲ. ಆಸ್ಪತ್ರೆಯಲ್ಲಿ ನಡಿಗೆ ಕಲಿಸುವಾಕೆ "ಏಕ್, ದೋನ್" ಎಂದು ಎಣಿಸುತ್ತಿದ್ದರೆ, ಕಾಕೂನ ಹೆಜ್ಜೆ ಪ್ರತಿಸಲ ಹಿಂದುಳಿಯುತ್ತಿತ್ತು. ನಾಲ್ಕನೆಯ ದಿನ ಕಾಕೂ ಆಸ್ಪತ್ರೆಯ ಕಾರಿಡಾರಿನ ನಡುವೆಯೇ ನಿಂತು ಅತ್ತುಬಿಟ್ಟರು. "ನನಗ ಆಗೂದಿಲ್ರೀ. ಆ ಎಣಿಕಿ ನನಗ ಸಿಗೂದಿಲ್ಲ."

ಬೆಂಚಿನ ಮೇಲೆ ನನ್ನ ಪಕ್ಕ ಕೂತಿದ್ದ ಕಾಕಾ ಎದ್ದು ಹೋಗಿ ಹೆಂಡತಿಯ ಕೈ ಹಿಡಿದರು.

"ಎಣಿಕಿ ಬಿಡು. ನಿನಗ ಹೆಂಗ ಬರತದ, ಹಂಗ ಇಡು. ನಾ ಜೋಡಿ ಬರ್ತೀನಿ."

ಕಾಕೂ ಬಲಗಾಲು ಇಟ್ಟರು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಎಡಗಾಲನ್ನು ಮೆಲ್ಲಗೆ ಎಳೆದರು. ಪಕ್ಕದಲ್ಲಿ ಕಾಕಾ ಅಷ್ಟೇ ಹೊತ್ತು ತಡೆದು, ಅದೇ ಗಳಿಗೆಗೆ ಹೆಜ್ಜೆ ಊರಿದರು. ಮತ್ತೆ ಬಲಗಾಲು, ಮತ್ತೆ ಅಷ್ಟೇ ಉದ್ದದ ಮೌನ, ಮತ್ತೆ ಎಡಗಾಲು. ಎಣಿಸುತ್ತಿದ್ದಾಕೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಇಬ್ಬರೂ ತಿರುವು ದಾಟಿ ಮರೆಯಾದ ಮೇಲೂ ನಾನು ಕಿವಿಗೊಟ್ಟು ಕೂತಿದ್ದೆ. ಒಬ್ಬರೇ ನಡೆಯುತ್ತಿದ್ದಂತೆ ಕೇಳುತ್ತಿತ್ತು.