ಡಿಕ್ಕಿಯೊಳಗಿನ ಸೋದರಮಾವ

ಬ್ಯಾಂಕಿನಲ್ಲಿ ಇಪ್ಪತ್ತೆರಡು ವರ್ಷ ಚಿನ್ನದ ಸಾಲದ ಪೊಟ್ಟಣಗಳಿಗೆ ಅರಗಿನ ಮುದ್ರೆ ಒತ್ತಿದ ಕೈ ನನ್ನದು. ನಾನು ಮುಚ್ಚಿದ್ದು ಇಂದಿನವರೆಗೆ ಬಾಯಿ ಬಿಟ್ಟಿಲ್ಲ. ಅಂಥವನ ಕಾರಿನಲ್ಲೇ ಹಿಂದಿನ ದೀಪಗಳ ಸುತ್ತ ನೀರು ಜಿನುಗಿ ಡಿಕ್ಕಿಗೆ ಇಳಿಯುವುದೆಂದರೇನು? ಇದು ಕಾರಿನ ದೋಷವಲ್ಲ, ನನ್ನ ವೃತ್ತಿಗೇ ಆದ ಅವಮಾನ!

ಸಂದರ್ಭವೂ ಗಂಭೀರವಾಗಿತ್ತು. ವಿಶಾಖಪಟ್ಟಣದಲ್ಲಿರುವ ತಂಗಿ ವನಜಾಳ ಮಗಳು ಹಾರಿಕಾಳ ಮದುವೆ. ಸೋದರಮಾವನಾದ ನಾನು ಹನ್ನೆರಡು ಮಂಗಳಗಿರಿ ಸೀರೆಗಳನ್ನು ನಾವಿರುವ ವಿಜಯವಾಡದಿಂದ ಒಯ್ಯಬೇಕಿತ್ತು. ತವರಿನ ಸೀರೆ ನೆನೆದು ಕಲೆಯಾದರೆ ತಂಗಿ ಅತ್ತೆಮನೆಯವರ ಮುಂದೆ ತಲೆ ಎತ್ತುವಂತಿಲ್ಲ. ಮಳೆಯೋ, ಬಿಡುವ ಲಕ್ಷಣವೇ ಇರಲಿಲ್ಲ.

“ರೀ, ಆಟೋನಗರ್‌ಗೆ ತಗೊಂಡು ಹೋಗಿ. ಅಲ್ಲಿ ಲಾರೀನೇ ಬಿಚ್ಚಿ ಜೋಡಿಸ್ತಾರೆ” ಎಂದಳು ಹೆಂಡತಿ ಸುಮಿತ್ರಾ.

“ಇಷ್ಟು ಸಣ್ಣ ಕೆಲಸಕ್ಕಾ? ನಾನಿಲ್ವೇನೇ?”

“ಇದ್ದೀರಲ್ಲ, ಅದೇ ಭಯ!”

ಸಿಲಿಕೋನ್ ಅಂಟಿನ ಟ್ಯೂಬು ತಂದು, ಮಗುವಿನ ಕಣ್ಣಿಗೆ ಕಾಡಿಗೆ ತೀಡಿದಂತೆ ಎರಡೂ ದೀಪಗಳ ಅಂಚಿಗೆ ತೀಡಿದೆ. ಆಮೇಲೆ ಡಿಕ್ಕಿಯ ಚಾಪೆ ಎತ್ತಿ ಸ್ಟೆಪ್ನಿ ತೆಗೆದರೆ, ಅದರ ಗುಂಡಿಯ ತಳದಲ್ಲೊಂದು ತೂತು! ಅಲ್ಲಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಕಳ್ಳ ಸಿಕ್ಕಿಬಿದ್ದ! ಯಾವುದೂ ಹೊರಗೆ ಹೋಗಬಾರದು ಎನ್ನುವುದೇ ಬ್ಯಾಂಕಿನವರ ಮೊದಲ ಪಾಠ. ಉಳಿದ ಅಂಟನ್ನೆಲ್ಲ ಆ ತೂತಿಗೆ ಮೆತ್ತಿದೆ.

ಪರೀಕ್ಷೆಗೆ ಕಾರಿನ ಮೇಲೆ ನಾಲ್ಕು ಬಕೆಟ್ ನೀರು ಸುರಿದೆ. ಪಕ್ಕದ ಮನೆಯ ರಾವ್‌ಗಾರು ಬಗ್ಗಿ ಕಾರಿನ ಕೆಳಗೆ ನೋಡಿ, “ಒಕ್ಕ ಚುಕ್ಕ ಕೂಡಾ ಲೇದಂಡಿ!” ಎಂದು ಸಾರಿದರು. ಒಂದು ಹನಿಯೂ ಇಲ್ಲ! ಅಂದು ಸಂಜೆ ಎದೆಯುಬ್ಬಿಸಿಕೊಂಡು ಎರಡು ಲೋಟ ಕಾಫಿ ಕುಡಿದೆ.

ಮೂರು ದಿನ ಮಳೆ ಹೊಡೆಯಿತು. ನಾಲ್ಕನೆಯ ದಿನ ಸಿಗ್ನಲ್‌ನಲ್ಲಿ ಬ್ರೇಕ್ ಒತ್ತಿದೆ. ಹಿಂದಿನಿಂದ ಗುಳಗುಳ ಸದ್ದು.

“ರೀ, ಹಿಂದೆ ಯಾರೋ ಸ್ನಾನ ಮಾಡ್ತಿದ್ದಾರೆ” ಎಂದಳು ಸುಮಿತ್ರಾ.

ಚಾಪೆ ಎತ್ತಿದರೆ, ಸ್ಟೆಪ್ನಿ ಕುತ್ತಿಗೆವರೆಗೆ ಮುಳುಗಿತ್ತು!

ಬಾಯಿ ಮುಚ್ಚಿಕೊಂಡು ಆಟೋನಗರ್‌ಗೆ ಹೋದೆ. ಬಳ್ಳಾರಿಯಲ್ಲಿ ಕೆಲಸ ಮಾಡಿಬಂದಿದ್ದ ಮೆಕ್ಯಾನಿಕ್ ಮಸ್ತಾನ್‌ಗೆ ಕನ್ನಡ ಬರುತ್ತಿತ್ತು. ಅದು ಬಂದದ್ದೇ ತಪ್ಪಾಯಿತು. “ಸಾರ್, ನೀರು ಬರೋ ಬಾಗಿಲು ಹಂಗೇ ಐತಿ. ಹೋಗೋ ಬಾಗಿಲಿಗೆ ಬೀಗ ಜಡಿದೀರಿ!” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಆ ಹೊಟ್ಟೆಯೂ ಸಣ್ಣದಲ್ಲ. “ಎಲ್ಲಿಂದ ಬರತೈತಿ ನೋಡಾಕ ಒಬ್ಬರು ಒಳಗ ಕೂಡಬೇಕು. ನಾ ಹಿಡಿಸಂಗಿಲ್ಲ.”

ನಾನು ಹಿಡಿಸಿದೆ. ಮೊಣಕಾಲು ಗಲ್ಲಕ್ಕೆ ತಾಗಿಸಿ, ಫೋನಿನ ಟಾರ್ಚ್ ಹಚ್ಚಿ ಮಲಗಿದೆ. ಮುಚ್ಚಳ ಬಿತ್ತು. ಮಸ್ತಾನ್ ಹೊರಗಿನಿಂದ ಪೈಪಿನಲ್ಲಿ ನೀರು ಬಿಟ್ಟ. ಕತ್ತಲಲ್ಲಿ ಒಂದು ಹನಿ ಬಂದು ನೇರ ನನ್ನ ಮೂಗಿನ ಮೇಲೆ ಬಿತ್ತು. “ಸಿಕ್ತು! ಸಿಕ್ತು!” ಎಂದು ಕೂಗಿದೆ. ಎಡದೀಪದ ಹಿಂದಿನ ರಬ್ಬರ್ ಒಣಗಿ ಬಿರುಕು ಬಿಟ್ಟಿತ್ತು. ಎರಡೂ ಕಡೆ ಹೊಸ ರಬ್ಬರ್ ಹಾಕಿಸಿ, ನನ್ನ ಅಂಟನ್ನು ಕೆರೆಸಿ, ಮತ್ತೆ ಒಳಗೆ ಮಲಗಿ ನೋಡಿದೆ. ಮೂಗು ಒಣಗಿಯೇ ಇತ್ತು!

ಮದುವೆಗೆ ಹೊರಟ ದಾರಿಯುದ್ದಕ್ಕೂ ಮಳೆ ಸುರಿಯಿತು. ನಾನು ಹಾಡು ಗುನುಗುತ್ತಾ ಓಡಿಸಿದೆ. ವಿಶಾಖಪಟ್ಟಣದಲ್ಲಿ ಬೀಗರೆಲ್ಲ ನೋಡುತ್ತಿದ್ದಂತೆ ಡಿಕ್ಕಿ ತೆರೆದೆ. ಹನ್ನೆರಡು ಸೀರೆಗಳೂ ಗರಿಗರಿ! ವನಜಾಳ ಕಣ್ಣು ತುಂಬಿತು. “ಅಣ್ಣಾ, ತವರಿನ ಮಾನ ಉಳಿಸಿದೆ ಕಣೋ” ಎಂದಳು. ಖುಷಿಗೆ ಇಡೀ ಕಥೆಯನ್ನು ಅಭಿನಯ ಸಮೇತ ಹೇಳಿದೆ. ತಳದ ತೂತಿನ ವಿಷಯ ಮಾತ್ರ ಬಿಟ್ಟೆ.

ಆ ಕಥೆ ಹೇಳಲೇಬಾರದಿತ್ತು. ಮದುವೆಯ ಬೆಳಿಗ್ಗೆ ವರನ ತಂದೆ ಕೈಮುಗಿದು ಬಂದರು. “ಬಾವಗಾರೂ, ಮಾ ಕಾರು ಕೂಡಾ ಕಾರುತೋಂದಂಡಿ...” ಅವರ ಕಾರೂ ಸೋರುತ್ತಿತ್ತು! ಬೀಗರ ಮಾತು ಮೀರಲುಂಟೇ? ಜರಿ ಪಂಚೆ ಎತ್ತಿ ಕಟ್ಟಿ ಅವರ ಡಿಕ್ಕಿಯೊಳಗೆ ಮುದುಡಿಕೊಂಡೆ. ಅವರೇ ಮುಚ್ಚಳ ಹಾಕಿ ಪೈಪು ಹಿಡಿದರು. ಆ ಕಾರಿನಲ್ಲಿ ಹನಿಯ ಮಾತಿರಲಿಲ್ಲ, ನಾಲ್ಕು ಕಡೆಯಿಂದ ಧಾರೆ! “ಸಾಕು ಸಾಕು!” ಎಂದು ಕೂಗುವಷ್ಟರಲ್ಲಿ ನಾಗಸ್ವರ ಶುರುವಾಯಿತು. ಗಾಬರಿಯಾದ ಬೀಗರು ಪೈಪನ್ನು ಕಾರಿನ ಮೇಲೇ ಬಿಟ್ಟು ಮಂಟಪಕ್ಕೆ ಓಡಿದರು. ನನ್ನನ್ನು ಮರೆತೇಬಿಟ್ಟರು!

ಮದುಮಗಳನ್ನು ಬುಟ್ಟಿಯಲ್ಲಿ ಕೂರಿಸಿ ಸೋದರಮಾವ ಮುಂದಾಗಿ ಹೊತ್ತು ತರುವುದು ಇಲ್ಲಿನ ಪದ್ಧತಿ. ಪುರೋಹಿತರು “ಮೇನಮಾಮ ಎಕ್ಕಡ?” ಎಂದು ಸೋದರಮಾವನನ್ನು ಕೂಗುವುದು ಧ್ವನಿವರ್ಧಕದಲ್ಲಿ ನನಗೂ ಕೇಳುತ್ತಿತ್ತು. ಅಷ್ಟರಲ್ಲಿ ಸುಮಿತ್ರಾಳ ಫೋನ್ ಬಂತು.

“ಎಲ್ಲಿ ಹಾಳಾಗಿ ಹೋದ್ರಿ?”

“ಬೀಗರ ಡಿಕ್ಕಿಯಲ್ಲಿದ್ದೀನಿ ಕಣೇ!”

ಬಂದು ತೆರೆದಳು. ಬಟ್ಟೆ ಬದಲಿಸಲು ಸಮಯವಿರಲಿಲ್ಲ. “ಹುಡುಗೀನ ಮುಟ್ಟಬೇಡಿ! ಬುಟ್ಟಿ ಅಂಚು ಮಾತ್ರ ಹಿಡ್ಕೊಳ್ಳಿ!” ಎಂದು ಗದರಿಸಿ ನೂಕಿದಳು. ಹೊತ್ತು ನಡೆದೆ. ಹಾರಿಕಾ ಬುಟ್ಟಿಯಲ್ಲಿ ಕುಳಿತು ಕಿಸಕ್ಕನೆ ನಕ್ಕಳು. ಅಕ್ಕಪಕ್ಕ ಹನ್ನೆರಡು ಹೆಂಗಸರು ನಾನು ತಂದ ಸೀರೆಗಳಲ್ಲಿ ಮಿರಮಿರ ಮಿಂಚುತ್ತಿದ್ದರು. ಇಡೀ ಮಂಟಪದಲ್ಲಿ ಸೋರುತ್ತಿದ್ದವನು ನಾನೊಬ್ಬನೇ!