ಒಂದು ಹಲ್ಲು ಹಿಂದೆ ಕೂತ ಗಿಯರು

ಬಿಚ್ಚುವುದಕ್ಕೆ ಬೇಕಾದ ಧೈರ್ಯವನ್ನು ದೇವರು ನನಗೆ ಧಾರಾಳವಾಗಿ ಕೊಟ್ಟಿದ್ದಾನೆ. ಜೋಡಿಸುವ ವಿದ್ಯೆ ಕೊಡುವ ಹೊತ್ತಿಗೆ ಅವನಿಗೆ ಬೇರೇನೋ ಕೆಲಸ ಬಂದಿರಬೇಕು. ನಾನು ಹೈಸ್ಕೂಲಿನ ಗಣಿತ ಮಾಸ್ತರ. ಒಮ್ಮೆ ನಮ್ಮ ಸ್ಟಾಫ್ ರೂಮಿನ ಗೋಡೆ ಗಡಿಯಾರ ಬಿಚ್ಚಿ ರಿಪೇರಿ ಮಾಡಿದೆ. ಮುಳ್ಳುಗಳು ತಿರುಗಿದವು, ಆದರೆ ಹಿಂದಕ್ಕೆ. ಹೆಡ್‌ಮಾಸ್ತರರು ಅದನ್ನು ಇಳಿಸಲೇ ಇಲ್ಲ. ಬಂದವರಿಗೆಲ್ಲ ತೋರಿಸಲು ಇಟ್ಟುಕೊಂಡರು.

ಇಂಥ ನಾನು ಈ ಸಲದ ದಸರಾ ರಜೆಯಲ್ಲಿ ನಮ್ಮ ಹಳೆಯ ಟ್ರ್ಯಾಕ್ಟರಿನ ಇಂಜಿನ್ನಿಗೆ ಕೈ ಹಾಕಿದೆ. ಅದು ನಮ್ಮ ಮದುವೆಗಿಂತ ಹಿರಿಯದು. ಇತ್ತೀಚೆಗೆ ಆಯಿಲ್ ಕುಡಿದು ನೀಲಿ ಹೊಗೆ ಬಿಡುತ್ತಿತ್ತು. ಅಂಕಲಿಯ ನಮ್ಮ ಹೊಲದಲ್ಲಿ ಅದರಿಂದಲೇ ಸಾಲು ತೆಗೆದು ಕಬ್ಬು ನೆಡುವುದಿತ್ತು. "ಮಿಸ್ತ್ರಿಗೆ ತೋರಸೂಣ್ರಿ" ಎಂದಳು ಹೆಂಡತಿ ಸುನಂದಾ. ಅವಳ ತವರು ಉಗಾರ. ಅವಳಪ್ಪ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. "ಮೊಬೈಲಿನ್ಯಾಗ ಎಲ್ಲಾ ತೋರಸ್ತಾರ, ತಗೋ" ಎಂದೆ.

ಬಿಚ್ಚುವ ಕೆಲಸ ಹೂವೆತ್ತಿದಂತೆ ಆಯಿತು. ಇಂಜಿನ್ನಿನ ಮುಂಭಾಗದಲ್ಲಿ ಒಂದಕ್ಕೊಂದು ಕಚ್ಚಿಕೊಂಡಿದ್ದ ಗಿಯರುಗಳ ಯಾವ ಹಲ್ಲು ಯಾವ ಹಲ್ಲಿಗೆ ಕೂಡಬೇಕೆಂದು ಚಾಕ್‌ಪೀಸಿನಿಂದ ಗುರುತು ಹಾಕಿದೆ. ಆಮೇಲೆ ಪ್ರತಿಯೊಂದನ್ನೂ ಶ್ರದ್ಧೆಯಿಂದ ಡೀಸೆಲ್ಲಿನಲ್ಲಿ ತಿಕ್ಕಿ ತೊಳೆದೆ. ಗಿಯರು ಫಳಫಳ ಹೊಳೆದವು. ಗುರುತು ಎಲ್ಲಿಯೂ ಇರಲಿಲ್ಲ. ಹೊಸ ಪಿಸ್ಟನ್, ಹೊಸ ರಿಂಗು ಎಲ್ಲ ಕೂರಿಸಿ, ಗಿಯರುಗಳನ್ನು ಮಾತ್ರ ಅಂದಾಜಿನ ಮೇಲೆ ಹಾಕಿ ಮುಚ್ಚಿದೆ. ಯಾರಿಗೂ ಹೇಳಲಿಲ್ಲ.

ಅಷ್ಟರಲ್ಲಿ ನೆಡಲು ತುಂಡರಿಸಿದ ಕಬ್ಬಿನ ಬೀಜ ಬಂದು ಬಿದ್ದಿತ್ತು. ಒಣಗಬಾರದೆಂದು ಸುನಂದಾ ಅದರ ಮೇಲೆ ಹಸಿ ಗೋಣಿಚೀಲ ಹೊದಿಸಿದ್ದಳು. ಎರಡು ದಿನದೊಳಗೆ ನೆಡದಿದ್ದರೆ ಅಷ್ಟೂ ಹಾಳು. ನಾನು ಕೀಲಿ ತಿರುವಿದೆ. ಇಂಜಿನ್ನು ತಿರುಗಿತು, ಕೆಮ್ಮಿತು, ಬೆಳ್ಳನೆಯ ಹೊಗೆ ಬಿಟ್ಟು ಸುಮ್ಮನಾಯಿತು. ಪೈಪಿನಲ್ಲಿ ಗಾಳಿ ಸೇರಿರಬೇಕೆಂದು ಮೂರು ಸಲ ಗಾಳಿ ತೆಗೆದೆ. ಫಿಲ್ಟರ್ ಬದಲಿಸಿದೆ. ಬ್ಯಾಟರಿಯನ್ನು ಬೈದೆ. ಮಧ್ಯಾಹ್ನದ ಹೊತ್ತಿಗೆ ಬ್ಯಾಟರಿಯೂ ನನ್ನಷ್ಟೇ ಸುಸ್ತಾಗಿತ್ತು.

ಚಹಾ ತಂದ ಸುನಂದಾ ಹೊಗೆ ನೋಡುತ್ತ ನಿಂತಳು. "ಡೀಸೆಲ್ ಬರಾಕತ್ತೇತಿ, ಹೊತ್ತಿಗೆ ಸರಿಯಾಗಿ ಉರಿಯಾಕತ್ತಿಲ್ಲ. ಗಿಯರಿನ ಖೂಣ ಕೂಡಿಸೀರೇನ್ರಿ?"

"ಗುರುತೆಲ್ಲಾ ಕೂಡಿಸೇನಿ" ಎಂದೆ.

ಮಕ್ಕಳ ಸುಳ್ಳನ್ನು ಮುಖ ನೋಡಿಯೇ ಹಿಡಿಯುವವನೆಂದು ಶಾಲೆಯಲ್ಲಿ ನನಗೆ ಹೆಸರಿದೆ. ಅವಳು ನನ್ನ ಮುಖ ನೋಡಿದಳು. "ಹಂಗಾರ ಬಿಚ್ಚಿ ತೋರಸ್ರಿ."

ಮುಂದಿನ ಮುಚ್ಚಳ ಮತ್ತೆ ಬಿಚ್ಚಿದೆ. ಅವಳು ಬಟ್ಟೆಯಿಂದ ಗಿಯರು ಒರೆಸಿ ಬೆರಳಿಟ್ಟಳು. ಹಲ್ಲಿನ ಬುಡದಲ್ಲಿ ಸಾಸಿವೆಯಷ್ಟು ಚುಕ್ಕೆ. ಪ್ರತಿ ಗಿಯರಿಗೂ ಇತ್ತು. ಕಂಪನಿಯವರೇ ಕೊರೆದಿಟ್ಟ ಗುರುತು. ಡೀಸೆಲ್ ಪಂಪಿನ ಗಿಯರು ಒಂದೇ ಒಂದು ಹಲ್ಲು ಹಿಂದೆ ಕೂತಿತ್ತು.

"ನಾ ಬ್ಯಾರೆ ಖೂಣ ಮಾಡಿದ್ದೆ" ಎಂದೆ.

"ಎಲ್ಲೈತ್ರಿ?"

"ತೊಳದೆ."

ಅವಳು ಟೈರಿಗೆ ಒರಗಿ ಚಹಾ ಆರುವವರೆಗೆ ನಕ್ಕಳು. ಆಮೇಲೆ ಸೆರಗು ಸಿಕ್ಕಿಸಿ ತಾನೇ ಚುಕ್ಕೆಗೆ ಚುಕ್ಕೆ ಕೂಡಿಸಿ ಕೊಟ್ಟಳು. ನಾನು ಪಾನಾ ಹಿಡಿದು ಬೋಲ್ಟು ಬಿಗಿದೆ. ಬೇಲಿಯಾಚೆ ನಿಂತು ನೋಡುತ್ತಿದ್ದ ಪಕ್ಕದ ಹೊಲದ ಅಣ್ಣಪ್ಪನಿಂದ ಬ್ಯಾಟರಿ ಕೇಳಿ ತಂದು ಕೀಲಿ ತಿರುವಿದರೆ ಮೊದಲ ತಿರುವಿಗೇ ಇಂಜಿನ್ನು ಹಿಡಿಯಿತು. ಆ ಸದ್ದಿಗೆ ನನ್ನ ಕಣ್ಣು ತೇವವಾದದ್ದು ಹೊಗೆಯಿಂದ ಎಂದು ಹೇಳಿಕೊಂಡೆ, ಹೊಗೆಯಂತೂ ಇರಲಿಲ್ಲ. ಮರುದಿನ ಸಾಲು ತೆಗೆದು ಅಷ್ಟೂ ಕಬ್ಬು ನೆಟ್ಟೆವು.

ಎರಡು ದಿನ ನಾನು ಎದೆಯುಬ್ಬಿಸಿಕೊಂಡೇ ತಿರುಗಾಡಿದೆ. ಮೂರನೆಯ ದಿನ ಅಣ್ಣಪ್ಪ ಬಂದು ಅಂಗಳದಲ್ಲಿ ನಿಂತ. "ಮಾಸ್ತರ್ರಿ, ನಮ್ಮ ಟ್ರ್ಯಾಕ್ಟರಿನ ಇಂಜಿನ್ನೂ ಬಿಚ್ಚೂದೈತಿ."

"ಬಿಡೋ, ಐತವಾರ ಬರ್ತೀನಿ" ಎಂದೆ, ಆದಷ್ಟು ಸಹಜವಾಗಿ.

ಅವನು ಸಂಕೋಚದಿಂದ ತಲೆ ಕೆರೆದುಕೊಂಡ. "ನಿಮಗಲ್ರಿ. ಸುನಂದಾ ವೈನಿಯವ್ರು ಯಾವಾಗ ಖಾಲಿ ಇರ್ತಾರಂತ ಕೇಳಾಕ ಬಂದೇನಿ."

ಒಳಗೆ ಹೋಗಿ ಕೇಳಿಕೊಂಡು ಬಂದೆ. ಭಾನುವಾರ ಬಿಡುವಿದೆಯಂತೆ. ಪಾನಾ ಕೈಗೆ ಕೊಡಲು ನಾನೂ ಜೊತೆಗೆ ಬರಬಹುದಂತೆ, ಏನನ್ನೂ ತೊಳೆಯದಿದ್ದರೆ.